ಬಂಡೆ ಏರಲು ಬೇಕಾದ ಸಲಕರಣೆ: ಅಲ್ಪವ್ಯಯದ ದಾರಿ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲು ಗಾದಿಗನೂರನ್ನು ಸಮೀಪಿಸುವಾಗ ಕಿಟಕಿಯ ಬಳಿ ಕುಳಿತವರಿಗೆ ಎರಡು ಬಗೆಯ ಬೆಟ್ಟಗಳು ಕಾಣುತ್ತವೆ. ದಕ್ಷಿಣದಲ್ಲಿ ಸಂಡೂರಿನ ಅದಿರಿನ ಬೆಟ್ಟಗಳು ಉದ್ದನೆಯ ಗೋಡೆಯಂತೆ ನಿಂತಿವೆ. ಉತ್ತರಕ್ಕೆ, ಕಮಲಾಪುರ ದರೋಜಿಗಳ ಕಡೆಗೆ, ಯಾರೋ ಗುಂಡುಕಲ್ಲುಗಳನ್ನು ರಾಶಿ ಹಾಕಿ ಮರೆತು ಹೋದಂತೆ ತೋರುವ ಗುಡ್ಡಗಳಿವೆ. ಹಂಪಿಯ ಪ್ರಸಿದ್ಧ ಬಂಡೆಗಳೂ ಈ ಎರಡನೆಯ ಜಾತಿಗೆ ಸೇರಿದವು.

ಇಂತಹ ಬಂಡೆಗಳನ್ನು ಹಗ್ಗದ ಸಹಾಯವಿಲ್ಲದೆ, ಕೈಕಾಲುಗಳ ಬಲದಿಂದಲೇ ಏರುವ ಆಟವೊಂದುಂಟು. ಬೌಲ್ಡರಿಂಗ್ ಎಂದು ಅದರ ಹೆಸರು. ಪ್ಯಾರಿಸಿನ ಸಮೀಪದ ಫಾಂಟೆನ್‌ಬ್ಲೋ ಅರಣ್ಯದ ಮರಳುಗಲ್ಲುಗಳ ಮೇಲೆ ಈ ಆಟ ಬಹುಕಾಲದಿಂದ ನಡೆದುಬಂದಿದೆ. 2003ರಲ್ಲಿ ಹೊರಬಂದ ‘ಪಿಲ್‌ಗ್ರಿಮೇಜ್’ ಎಂಬ ಚಲನಚಿತ್ರದಲ್ಲಿ ಅಮೆರಿಕದ ಕ್ರಿಸ್ ಶರ್ಮ ಮತ್ತು ಸಂಗಡಿಗರು ಹಂಪಿಯ ಬಂಡೆಗಳನ್ನು ಏರಿದುದನ್ನು ಜಗತ್ತು ನೋಡಿತು. ಪ್ರತಿ ಚಳಿಗಾಲದಲ್ಲಿಯೂ ದೇಶವಿದೇಶಗಳ ತರುಣ ತರುಣಿಯರು ಬೆನ್ನ ಮೇಲೆ ಮಡಿಸಿದ ದಪ್ಪ ಗಾದಿಯೊಂದನ್ನು ಹೊತ್ತು ಆನೆಗೊಂದಿ, ಸಾಣಾಪುರಗಳ ಹೊಲದ ಬದುಗಳ ಮೇಲೆ ನಡೆದು ಹೋಗುವುದನ್ನು ಈ ಸೀಮೆಯವರೆಲ್ಲ ಬಲ್ಲರು.

ನೋಡಿದವರಿಗೆ ತಾವೂ ಏರಬೇಕೆಂಬ ಆಸೆ ಹುಟ್ಟುವುದು ಸಹಜವಷ್ಟೆ. ನಮ್ಮ ತರಗತಿಗೆ ಗಾದಿಗನೂರಿನಿಂದ ಬರುವ ಐವರು ವಿದ್ಯಾರ್ಥಿಗಳಿಗೂ ಆ ಆಸೆ ಹುಟ್ಟಿತು. ಅವರಲ್ಲಿ ಒಬ್ಬನು ಊರ ಹೊರಗಿನ ಬಂಡೆಯೊಂದರಿಂದ ಕೆಳಕ್ಕೆ ಹಾರಿದನು. ಬಂಡೆ ಅವನಿಗಿಂತ ಒಂದು ಮೊಳ ಎತ್ತರವಿದ್ದೀತು, ಅಷ್ಟೆ. ಮರಳಿನಲ್ಲಿ ಹುದುಗಿದ್ದ ಕಲ್ಲಿನ ಮೇಲೆ ಕಾಲು ಬಿದ್ದು ಹರಡು ಉಳುಕಿತು. ಮೂರು ವಾರ ಕಾಲೂರಲಾಗಲಿಲ್ಲ. ರಜೆಯ ದಿನಗಳಲ್ಲಿ ದುಡಿದು ಮನೆಗೆ ತರುತ್ತಿದ್ದ ಕೂಲಿಯೂ ನಿಂತಿತು. ಆ ಬಳಿಕ ಐವರೂ ನಮ್ಮಲ್ಲಿಗೆ ಬಂದು, “ಸರ್, ಅಂಗಡಿಯ ಗಾದಿಗೆ ನಮ್ಮ ಹತ್ತಿರ ದುಡ್ಡಿಲ್ಲ. ಮನೆಯಲ್ಲಿರುವ ಕೌದಿ, ಹತ್ತಿಯ ಗಾದಿ ಹಾಕಿಕೊಂಡರೆ ಆಗುವುದಿಲ್ಲವೆ?” ಎಂದು ಕೇಳಿದರು. ಗಾದಿಗನೂರಿನವರು ಗಾದಿಯ ಸಂಗತಿ ಕೇಳಿದರೆಂದು ನಮ್ಮ ಸಹೋದ್ಯೋಗಿಗಳು ನಕ್ಕರಾದರೂ ಪ್ರಶ್ನೆ ನಗುವಂತಹುದಲ್ಲ. ಭೌತವಿಜ್ಞಾನದ ಪ್ರಶ್ನೆಯದು, ಬಡವನ ಹಣದ ಪ್ರಶ್ನೆಯೂ ಹೌದು. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಬೀಳುವುದೆಂದರೇನು?

ಎರಡೂವರೆ ಮೀಟರು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ 7 ಮೀಟರು ವೇಗವನ್ನು ಪಡೆದಿರುತ್ತದೆ. ಎಂದರೆ ಗಂಟೆಗೆ ಸುಮಾರು 25 ಕಿಲೋಮೀಟರು. ಈ ವೇಗವೇ ನೋವುಂಟು ಮಾಡುತ್ತದೆಯೆ? ಇಲ್ಲ. ರೈಲಿನಲ್ಲಿ ಕುಳಿತವನು ಇದರ ಮೂರು ಪಟ್ಟು ವೇಗದಲ್ಲಿ ಹೋಗುತ್ತಾ ನಿದ್ರಿಸುತ್ತಾನೆ. ಕೇಡಿರುವುದು ವೇಗದಲ್ಲಲ್ಲ, ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರಲ್ಲಿ.

ಇದಕ್ಕೆ ಬಹು ಸುಲಭವಾದ ಲೆಕ್ಕವಿದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಬೇಕು. ಬಂದ ಸಂಖ್ಯೆಯು, ವೇಗ ಕುಂದುವ ಸರಾಸರಿ ದರ ಗುರುತ್ವದ ಎಷ್ಟು ಪಟ್ಟು ಎಂಬುದನ್ನು ತಿಳಿಸುತ್ತದೆ. ಎರಡೂವರೆ ಮೀಟರು ಎಂದರೆ 250 ಸೆಂಟಿಮೀಟರು. ಮಂಡಿ ಬಗ್ಗಿಸದೆ ಕಲ್ಲಿನ ಮೇಲೆ ಸೆಟೆದು ನಿಂತವನ ದೇಹ 5 ಸೆಂಟಿಮೀಟರಿನಲ್ಲಿ ನಿಂತಿತೆಂದುಕೊಳ್ಳೋಣ. ಭಾಗಿಸಿದರೆ 50 ಬಂದಿತು. ಅದೇ ಮನುಷ್ಯ ಮೆತ್ತನೆಯ ಗಾದಿಯ ಮೇಲೆ ಬಿದ್ದು, ಮಂಡಿ ಸೊಂಟಗಳನ್ನು ಬಗ್ಗಿಸಿ ಕುಕ್ಕರಿಸಿದರೆ ದೇಹ 50 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಈಗ ಬಂದ ಸಂಖ್ಯೆ 5. ಎತ್ತರ ಅದೇ, ತೂಕ ಅದೇ, ವೇಗವೂ ಅದೇ. ಆದರೂ ಪೆಟ್ಟು ಹತ್ತರಲ್ಲಿ ಒಂದಕ್ಕೆ ಇಳಿಯಿತು.

ಈ ಲೆಕ್ಕದಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದಾಗಿ, ನಮ್ಮ ಕಾಲುಗಳೇ ಮೊದಲ ಗಾದಿ. ಅದಕ್ಕೆ ಬೆಲೆಯಿಲ್ಲ. ಎರಡೂ ಪಾದಗಳ ಮೇಲೆ ಬಿದ್ದು, ಮಂಡಿ ಮಡಿಸಿ, ಉಳಿದ ವೇಗವನ್ನು ಹಿಂದಕ್ಕೆ ಉರುಳಿ ಕಳೆಯುವುದನ್ನು ಹೊಲದ ಮೆದುಮಣ್ಣಿನ ಮೇಲೆ, ಮೊಣಕಾಲೆತ್ತರದಿಂದ ಆರಂಭಿಸಿ ಅಭ್ಯಾಸ ಮಾಡತಕ್ಕದ್ದು. ಬೀಳುವಾಗ ಕೈಯನ್ನು ಹಿಂದಕ್ಕೆ ಊರಬಾರದು; ಮಣಿಕಟ್ಟಿಗೆ ಮಂಡಿಯಷ್ಟು ಬಗ್ಗುವ ಅವಕಾಶವಿಲ್ಲ. ಎರಡನೆಯದಾಗಿ, ಬೆನ್ನಿನ ಮೇಲೆ ಬಿದ್ದವನಿಗೆ ಕಾಲಿನ ಸಹಾಯ ದೊರೆಯದು. ಆಗ ಗಾದಿ ಕುಗ್ಗುವಷ್ಟೇ ನಿಲ್ಲುವ ದೂರ. ಅದು 8 ಸೆಂಟಿಮೀಟರು ಕುಗ್ಗಿದರೆ 250ನ್ನು 8ರಿಂದ ಭಾಗಿಸಿ, 31 ಎನ್ನಬೇಕು. ಎರಡು ಸೆಂಟಿಮೀಟರು ಮಾತ್ರ ಕುಗ್ಗುವ ಕೌದಿಯಾದರೆ 125! ಗಾದಿಯ ಯೋಗ್ಯತೆ ಎಷ್ಟೆಂಬುದು ಇಂತಹ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಕೌದಿಯೇಕೆ ಸಾಲದು?

ವಿದ್ಯಾರ್ಥಿಗಳಿಗೆ ಮಾತಿನಿಂದ ತೃಪ್ತಿಯಾಗಲಿಲ್ಲ. ಆದುದರಿಂದ ನಾವು ಆಟದ ಮೈದಾನದ ಕಬ್ಬಿಣದ ಗುಂಡನ್ನು ತರಿಸಿ ಒಂದು ಪ್ರಯೋಗ ಮಾಡಿದೆವು. ಒಂದು ತಟ್ಟೆಯಲ್ಲಿ ಹದವಾಗಿ ನಾದಿದ ಜೇಡಿಮಣ್ಣನ್ನು ತುಂಬಿ, ಅದರ ಮೇಲೆ ಒಂದೊಂದು ಬಗೆಯ ಹಾಸನ್ನು ಹರಡಿ, ಗುಂಡನ್ನು ಸೊಂಟದ ಎತ್ತರದಿಂದ ಬಿಟ್ಟೆವು. ಹಾಸನ್ನು ಎತ್ತಿ ನೋಡಿದರೆ ಮಣ್ಣಿನಲ್ಲಿ ಮೂಡಿದ ಕುಳಿಯೇ ಉತ್ತರ ಹೇಳುತ್ತಿತ್ತು. ನಾಲ್ಕು ಮಡಿಕೆಯ ಕೌದಿಯ ಕೆಳಗೆ ಆಳವಾದ ಕುಳಿ ಬಿದ್ದಿತು. ಹತ್ತಿಯ ಗಾದಿ ಮೊದಲನೆಯ ಸಲ ಚೆನ್ನಾಗಿಯೇ ತಡೆಯಿತು. ಆದರೆ ಅದೇ ಜಾಗಕ್ಕೆ ಗುಂಡು ಮತ್ತೆ ಮತ್ತೆ ಬಿದ್ದಂತೆ ಹತ್ತಿ ಪಕ್ಕಕ್ಕೆ ಸರಿದು, ಗಂಟು ಕಟ್ಟಿ, ನಡುವೆ ಬಟ್ಟೆ ಮಾತ್ರ ಉಳಿಯಿತು. ಹತ್ತಿಗೆ ಕುಗ್ಗುವ ಗುಣವಿದೆ, ಹಿಂದಿರುಗಿ ಉಬ್ಬುವ ಗುಣ ಸಾಲದು. ಮಲಗುವ ಮೆದುವಾದ ಸ್ಪಂಜಿನ ಹಾಸಿಗೆಯಲ್ಲಿ ಬೇರೊಂದು ದೋಷ ಕಂಡುಬಂದಿತು. ಗುಂಡು ಅದನ್ನು ಸಲೀಸಾಗಿ ಒತ್ತಿಕೊಂಡು ಹೋಗಿ ತಳ ಮುಟ್ಟಿತು. ಮೊದಲು ಸ್ವಲ್ಪವೂ ತಡೆಯದೆ ಕಡೆಯಲ್ಲಿ ಒಮ್ಮೆಲೇ ತಡೆಯುವ ಹಾಸು ಇಲ್ಲದಿರುವುದಕ್ಕೆ ಸಮವೇ ಸರಿ.

ಹಾಗಾದರೆ ಅಂಗಡಿಯ ಗಾದಿಯಲ್ಲಿ ಏನಿದೆ? ಅದರೊಳಗೆ ಎರಡು ಪದರಗಳಿವೆ. ಮೇಲಿನದು ತೆಳುವಾದ, ಗಟ್ಟಿಯಾದ ಫೋಮು. ಇದರ ಗುಳ್ಳೆಗಳೆಲ್ಲ ಮುಚ್ಚಿದವು. ಪ್ರತಿಯೊಂದು ಗುಳ್ಳೆಯಲ್ಲಿಯೂ ಗಾಳಿ ಸೆರೆಯಾಗಿರುತ್ತದೆ. ಕೆಳಗಿನದು ದಪ್ಪನೆಯ ಸ್ಪಂಜು. ಇದರ ಗುಳ್ಳೆಗಳು ಒಂದಕ್ಕೊಂದು ತೆರೆದಿವೆ. ಕಂಪ್ಲಿಯ ಕೆಸರುಗದ್ದೆಯಲ್ಲಿ ನಡೆದವರಿಗೆ ಮೇಲಿನ ಪದರದ ಉಪಯೋಗ ಬೇಗ ತಿಳಿದೀತು. ಬರಿಗಾಲು ಕೆಸರಿನಲ್ಲಿ ಮೊಣಕಾಲಿನವರೆಗೆ ಹೂಳುತ್ತದೆ. ಹಲಗೆಯ ಮೇಲೆ ನಿಂತರೆ ಹೂಳುವುದಿಲ್ಲ. ಹಲಗೆ ನಮ್ಮ ತೂಕವನ್ನು ವಿಶಾಲವಾದ ಜಾಗಕ್ಕೆ ಹರಡುತ್ತದೆ. ಗಟ್ಟಿ ಪದರವೂ ಹಾಗೆಯೇ ಹಿಮ್ಮಡಿಯ ಪೆಟ್ಟನ್ನು ಹರಡಿ, ಕೆಳಗಿನ ಸ್ಪಂಜಿನ ದೊಡ್ಡ ಭಾಗವನ್ನು ಕೆಲಸಕ್ಕೆ ಹಚ್ಚುತ್ತದೆ. ಸ್ಪಂಜು ಕುಗ್ಗುವಾಗ ಅದರೊಳಗಿನ ಗಾಳಿ ಕಿರಿದಾದ ದಾರಿಗಳಲ್ಲಿ ನುಸುಳಿ ಹೊರಗೆ ಹೋಗಬೇಕು. ಆ ನುಸುಳಾಟದಲ್ಲಿ ಬಿದ್ದವನ ಚಲನಶಕ್ತಿ ಸವೆಯುತ್ತದೆ. ಗಾದಿಯು ಅವನನ್ನು ಚೆಂಡಿನಂತೆ ಮೇಲಕ್ಕೆ ಎಸೆಯದಿರುವುದಕ್ಕೂ ಇದೇ ಕಾರಣ.

ಗುಟ್ಟು ತಿಳಿದ ಮೇಲೆ ಅಲ್ಪವ್ಯಯದ ದಾರಿ ತಾನಾಗಿ ತೆರೆಯುತ್ತದೆ. ಹಾಸಿಗೆಯ ಅಂಗಡಿಗಳಲ್ಲಿ ನಾಲ್ಕು ಅಂಗುಲ ದಪ್ಪದ ಗಡುಸಾದ ಸ್ಪಂಜೂ ಒಂದು ಅಂಗುಲದ ಗಟ್ಟಿ ಫೋಮೂ ಕತ್ತರಿಸಿ ಕೊಡುತ್ತಾರೆ. ಸ್ಪಂಜಿಗೆ ಸಾಂದ್ರತೆಯ ಸಂಖ್ಯೆಯೊಂದನ್ನು ಹೇಳುವುದು ವಾಡಿಕೆ. 40 ಎಂದರೆ ಒಂದು ಘನಮೀಟರು ಸ್ಪಂಜು 40 ಕಿಲೋಗ್ರಾಮು ತೂಗುತ್ತದೆ. ಈ ಸಂಖ್ಯೆ ಬಾಳಿಕೆಯನ್ನು ಸೂಚಿಸುತ್ತದೆಯೇ ಹೊರತು ಗಡಸುತನವನ್ನಲ್ಲ. ಗಡಸುತನವನ್ನು ನಾವೇ ಪರೀಕ್ಷಿಸಬೇಕು. ಎರಡು ಪದರಗಳನ್ನೂ ಜೋಡಿಸಿ, ಒಂದೇ ಕಾಲಿನ ಹಿಮ್ಮಡಿಯ ಮೇಲೆ ನಿಲ್ಲಿರಿ. ನೆಲ ತಾಗಿದಂತಾದರೆ ಆ ಸ್ಪಂಜು ಬೇಡ. ಲಾರಿಗಳ ತಾಡಪಾಲು ಹೊಲಿಯುವವರು ಇದಕ್ಕೆ ಗಟ್ಟಿಯಾದ ಚೀಲ ಹೊಲಿದು ಕೊಡಬಲ್ಲರು. ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದವಿದ್ದರೆ ಒಬ್ಬರು ಹೊರಬಹುದು. ಹೀಗೆ ಮನೆಯಲ್ಲಿ ಮಾಡಿದ ಗಾದಿಯನ್ನು ಪಾದಗಳು ಎದೆಯೆತ್ತರಕ್ಕಿಂತ ಮೇಲೇರದ ಆಟಕ್ಕೆ ಮಾತ್ರ ನಂಬತಕ್ಕದ್ದು. ಅದಕ್ಕೂ ಎತ್ತರಕ್ಕೆ ಹೋಗುವವರು ಅಂಗಡಿಯ ಗಾದಿಯನ್ನು ಐದಾರು ಜನ ಸೇರಿ ಕೊಳ್ಳುವುದು, ಇಲ್ಲವೆ ದಿನಕ್ಕಿಷ್ಟೆಂದು ಬಾಡಿಗೆಗೆ ತರುವುದು ಲೇಸು. ಏರುವವನು ಒಂದು ಸಲಕ್ಕೆ ಒಬ್ಬನೇ ಆದುದರಿಂದ ಐವರಿಗೆ ಐದು ಗಾದಿಗಳು ಬೇಕಿಲ್ಲ.

ಎರಡು ಗಾದಿಗಳಿದ್ದರೆ ಅವುಗಳ ನಡುವೆ ಸಂದು ಬಿಡಬಾರದು. ಒಂದು ಕಾಲು ಗಾದಿಯ ಮೇಲೆ, ಇನ್ನೊಂದು ಸಂದಿನೊಳಗೆ ಬಿದ್ದರೆ ಹರಡು ತಿರುಚಿಕೊಳ್ಳುತ್ತದೆ. ಸಂದಿನ ಮೇಲೆ ಹಾಸಲು ಮನೆಯ ಕೌದಿ ಒಳ್ಳೆಯದು. ಗಾದಿಯ ಕೆಲಸ ಮಾಡಲಾರದ ಕೌದಿಗೆ ಈ ಕೆಲಸ ಸಲ್ಲುತ್ತದೆ. ಹಾಸುವ ಮೊದಲು ಮರಳನ್ನು ಕೋಲಿನಿಂದ ಕೆದಕಿ ಹುದುಗಿದ ಕಲ್ಲುಗಳನ್ನು ತೆಗೆಯಬೇಕೆಂಬುದನ್ನು ನಮ್ಮ ವಿದ್ಯಾರ್ಥಿಯ ಕಾಲು ಆಗಲೇ ಕಲಿಸಿದೆ.

ಪಾದರಕ್ಷೆಯ ಮಾತು

ಗಾದಿಯ ತರುವಾಯ ಪಾದರಕ್ಷೆ. ಬಂಡೆ ಏರುವವರ ಪಾದರಕ್ಷೆಯ ಅಡಿಯಲ್ಲಿ ಗೀರುಗಳಿಲ್ಲ, ಅದು ನುಣುಪಾಗಿದೆ. ನುಣುಪಾದುದು ಜಾರಬೇಕಲ್ಲವೆ ಎಂದು ಓದುಗರು ಕೇಳಬಹುದು. ರಬ್ಬರಿನ ಘರ್ಷಣೆ ಮರ ಕಬ್ಬಿಣಗಳ ಘರ್ಷಣೆಯಂತಲ್ಲ. ಮೃದುವಾದ ರಬ್ಬರು ಒತ್ತಡಕ್ಕೆ ಸಿಕ್ಕಿದಾಗ ಕಲ್ಲಿನ ಹರಳುಗಳ ನಡುವಣ ಕುಳಿಗಳೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ. ಕಲ್ಲಿಗೆ ತಾಗುವ ರಬ್ಬರು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಗೀರುಗಳಿದ್ದರೆ ತಾಗುವ ಭಾಗವೇ ಕಡಿಮೆಯಾಗುತ್ತದೆ. ಕೆಸರಿನಲ್ಲಿ ಗೀರು ಬೇಕು, ಒಣಗಿದ ಬಂಡೆಯ ಮೇಲೆ ಬೇಡ. ಫ್ರಾನ್ಸಿನ ಪಿಯೇರ್ ಅಲೆನ್ ಎಂಬಾತ 1930ರ ದಶಕದಲ್ಲಿಯೇ ಫಾಂಟೆನ್‌ಬ್ಲೋ ಬಂಡೆಗಳಿಗಾಗಿ ನುಣುಪಾದ ರಬ್ಬರಿನ ಅಡಿಯುಳ್ಳ ಪಾದರಕ್ಷೆಯನ್ನು ರೂಪಿಸಿದನು.

ಹಿಡಿತವನ್ನು ಅಳೆಯಲು ಖರ್ಚಿಲ್ಲದ ವಿಧಾನವೊಂದಿದೆ. ಕಡಪದ ಕಲ್ಲಿನ ಒರಟಾದ ಹಲಗೆಯ ಮೇಲೆ ಪಾದರಕ್ಷೆಯನ್ನಿಟ್ಟು, ಒಳಗೆ ಸ್ವಲ್ಪ ಭಾರ ಹೇರಿ, ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ಜಾರತೊಡಗಿದ ಕೋನದ ಟ್ಯಾಂಜೆಂಟೇ ಘರ್ಷಣೆಯ ಗುಣಾಂಕ. 45 ಡಿಗ್ರಿಯಲ್ಲಿ ಜಾರಿದರೆ ಗುಣಾಂಕ 1. ಒಳ್ಳೆಯ ಏರುರಬ್ಬರು ಇದಕ್ಕಿಂತಲೂ ಕಡಿದಾದ ಇಳಿಜಾರಿನಲ್ಲಿ ನಿಲ್ಲಬಲ್ಲದು. ಹಳೆಯ ಟೈರಿನಿಂದ ಮಾಡಿದ ಮೆಟ್ಟುಗಳು ಬೇಗ ಜಾರುತ್ತವೆ. ಟೈರಿನ ರಬ್ಬರನ್ನು ಸಾವಿರಾರು ಕಿಲೋಮೀಟರು ಸವೆಯದಿರಲೆಂದು ತಯಾರಿಸಿರುತ್ತಾರೆ. ಸವೆಯದ ಗುಣವೂ ಕಚ್ಚುವ ಗುಣವೂ ಒಂದರಲ್ಲಿಯೇ ಕೂಡಿಬರುವುದು ಕಷ್ಟ.

ಆದರೂ ಹೊಸಬರು ಮೊದಲ ತಿಂಗಳಲ್ಲಿಯೇ ಸಾವಿರಾರು ರೂಪಾಯಿ ಸುರಿದು ಪಾದರಕ್ಷೆ ಕೊಳ್ಳಬೇಕೆಂದು ನಾವು ಹೇಳಲಾರೆವು. ಹಿಡಿತ ಕಡಿಮೆಯಾದರೆ ಏರುವುದು ಕಷ್ಟವಾದೀತು, ಅಷ್ಟೆ. ಕೆಳಗೆ ಗಾದಿಯಿದ್ದರೆ ಎಲುಬು ಮುರಿಯದು. ಅಡಿ ತೆಳುವಾದ ಕ್ಯಾನ್ವಾಸಿನ ಬೂಟುಗಳಲ್ಲಿ, ಮಲಗಿದಂತಿರುವ ಬಂಡೆಗಳ ಮೇಲೆ ಕಾಲಿಡುವ ಚಾತುರ್ಯವನ್ನು ಮೊದಲು ಕಲಿಯಬಹುದು. ಆಸೆ ನಿಂತಿತೆಂದು ಖಚಿತವಾದ ಮೇಲೆ ಒಂದು ಜೊತೆ ಕೊಂಡರಾಯಿತು. ಒಬ್ಬರು ಬಳಸಿ ಬಿಟ್ಟುದನ್ನು ಕೊಂಡರೂ ತಪ್ಪಿಲ್ಲ. ತುದಿಯ ರಬ್ಬರು ಸವೆದು ಒಳಗಿನ ತೊಗಲು ಕಾಣದಂತಿರಬೇಕು. ಬೆರಳುಗಳು ತುದಿಗೆ ತಾಗಬೇಕು, ನೋಯಬಾರದು.

ಪುಡಿ ಮತ್ತು ಹಗ್ಗ

ಅಂಗೈ ಬೆವರಿದರೆ ಹಿಡಿತ ತಪ್ಪುತ್ತದೆ. ಆದುದರಿಂದ ಏರುವವರು ಮೆಗ್ನೀಸಿಯಮ್ ಕಾರ್ಬೊನೇಟ್ ಎಂಬ ಬಿಳಿಯ ಪುಡಿಯನ್ನು ಕೈಗೆ ಸವರಿಕೊಳ್ಳುತ್ತಾರೆ. ಅಂಗಸಾಧಕರು ಬಳಸುತ್ತಿದ್ದ ಈ ಪುಡಿಯನ್ನು 1950ರ ದಶಕದಲ್ಲಿ ಬಂಡೆಗಳ ಬಳಿಗೆ ತಂದವರು ಜಾನ್ ಗಿಲ್ ಎಂಬ ಅಮೆರಿಕದ ಗಣಿತಜ್ಞರು. ಇದರ ಬೆಲೆ ನೂರರ ಲೆಕ್ಕದ್ದು. ಒಂದು ಪೊಟ್ಟಣ ಬಹುದಿನ ಬರುತ್ತದೆ. ಪುಡಿಯ ಚೀಲವನ್ನು ಹಳೆಯ ಬಟ್ಟೆಯಿಂದ ಮನೆಯಲ್ಲಿಯೇ ಹೊಲಿಯಬಹುದು. ಆದರೆ ಪುಡಿಗೆ ಬದಲಿಯಿಲ್ಲ. ನಮ್ಮ ಕಪ್ಪುಹಲಗೆಯ ಸೀಮೆಸುಣ್ಣ ಬೆವರನ್ನು ಅಷ್ಟಾಗಿ ಹೀರದು. ಎಲೆಯಡಿಕೆಯ ಸುಣ್ಣವನ್ನಂತೂ ಮುಟ್ಟಲೇಬಾರದು. ಅದು ಚರ್ಮವನ್ನು ಸುಡುತ್ತದೆ. ಆಟ ಮುಗಿದ ಮೇಲೆ ಬಂಡೆಯ ಮೇಲೆ ಉಳಿದ ಬಿಳಿಯ ಗುರುತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯುವುದು ಸಭ್ಯರ ಲಕ್ಷಣ.

ಹಗ್ಗದ ವಿಚಾರದಲ್ಲಿ ನಮ್ಮ ಮಾತು ಕಠಿಣವಾದುದು. ಬಾವಿಯ ಹಗ್ಗ, ಟ್ರ್ಯಾಕ್ಟರಿನ ನೈಲಾನು ಹಗ್ಗ, ತೆಂಗಿನ ನಾರಿನ ಹುರಿ, ಇವು ಎಷ್ಟೇ ದಪ್ಪವಾಗಿದ್ದರೂ ಬೀಳುವ ಮನುಷ್ಯನನ್ನು ತಡೆಯಲು ತಕ್ಕುವಲ್ಲ. ಇಲ್ಲಿಯೂ ಅದೇ ಲೆಕ್ಕ. ಹಗ್ಗ ಕಿತ್ತುಹೋಗದಿದ್ದರೆ ಸಾಲದು. ಅದು ಹಿಗ್ಗಿ, ನಿಲ್ಲುವ ದೂರವನ್ನು ಹೆಚ್ಚಿಸಬೇಕು. ಹಿಗ್ಗದ ಹಗ್ಗವು ಬಿದ್ದವನ ಸೊಂಟಕ್ಕೆ ಕಲ್ಲಿನ ನೆಲದಂತೆಯೇ ವರ್ತಿಸುತ್ತದೆ. ಏರುವವರ ಹಗ್ಗವನ್ನು 80 ಕಿಲೋಗ್ರಾಮಿನ ತೂಕವನ್ನು ಬೀಳಿಸಿ ಪರೀಕ್ಷಿಸುತ್ತಾರೆ. ಮೊದಲ ಬೀಳಿನಲ್ಲಿ ಹಗ್ಗದ ಸೆಳೆತ 12 ಕಿಲೋನ್ಯೂಟನ್ ಮೀರಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಇಂತಹ ಹಗ್ಗವನ್ನೂ, ಸೊಂಟಪಟ್ಟಿ, ಶಿರಸ್ತ್ರಾಣಗಳನ್ನೂ ಬಲ್ಲವರ ಬಳಿ ಕಲಿತ ಹೊರತು ಬಳಸಕೂಡದು. ಇನ್ನೊಬ್ಬರು ಬಳಸಿ ಬಿಟ್ಟ ಹಗ್ಗವನ್ನು ಎಂದಿಗೂ ಕೊಳ್ಳಕೂಡದು. ಅದು ಎಷ್ಟು ಸಲ ಬಿದ್ದವರನ್ನು ತಡೆದಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ಹಗ್ಗದ ಆಸೆಯುಳ್ಳವರಿಗಾಗಿ ಕರ್ನಾಟಕ ಸರಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣದ ಶಿಬಿರಗಳನ್ನು ನಡೆಸುತ್ತದೆ. ಸಲಕರಣೆ ಕೊಳ್ಳುವ ಮೊದಲು ಅಂತಹ ಶಿಬಿರವೊಂದಕ್ಕೆ ಹೋಗುವುದು ಹಣದ ದೃಷ್ಟಿಯಿಂದಲೂ ಜಾಣತನ.

ಬೆಲೆಯಿಲ್ಲದ ಸಲಕರಣೆಗಳು

ಕೊಳ್ಳಲು ಸಿಗದ ಸಲಕರಣೆಗಳೂ ಉಂಟು. ಅವುಗಳಲ್ಲಿ ಮೊದಲನೆಯದು ಬಂಡೆಯ ಪರಿಚಯ. ಹಂಪಿಯ ಸೀಮೆಯ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ನೆಲದೊಳಗಿದ್ದಾಗಲೇ ಶಿಲೆಯ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಕೊಳೆತು, ನಡುವಣ ಗಟ್ಟಿ ಭಾಗ ದುಂಡಾಯಿತು. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಹೊರಬಿದ್ದವು. ಬಿಸಿಲಿಗೆ ಕಾದು, ಇರುಳಿಗೆ ತಣಿದು ಇವುಗಳ ಮೈ ಈರುಳ್ಳಿಯಂತೆ ಪದರಪದರವಾಗಿ ಏಳುವುದುಂಟು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಾರಿಸಿ ನೋಡುವಂತೆ, ಹಿಡಿಯುವ ಪದರವನ್ನು ಗಿಣ್ಣಿನಿಂದ ಬಾರಿಸಿ ನೋಡಬೇಕು. ಪೊಳ್ಳು ಸದ್ದು ಬಂದರೆ ಅದಕ್ಕೆ ಜೋತು ಬೀಳಬಾರದು. ಸಂಡೂರಿನ ಬೆಟ್ಟಗಳ ಶಿಲೆಗಳು ಇನ್ನೊಂದು ಜಾತಿಯವು. ಪದರಪದರವಾಗಿ ಮುರಿಯುವ ಅವು ನಡೆದು ಹತ್ತುವುದಕ್ಕೆ ಸೊಗಸು, ಜೋತು ಹತ್ತುವುದಕ್ಕಲ್ಲ.

ಎರಡನೆಯದು ಹೊತ್ತಿನ ಆಯ್ಕೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗಿನಲ್ಲಿ ಬಂಡೆ ತಣ್ಣಗಿದ್ದು, ಕೈ ಬೆವರುವುದಿಲ್ಲ, ರಬ್ಬರೂ ಚೆನ್ನಾಗಿ ಕಚ್ಚುತ್ತದೆ. ಏಪ್ರಿಲಿನ ಮಧ್ಯಾಹ್ನ ಎಷ್ಟು ಬೆಲೆಯ ಪಾದರಕ್ಷೆಯಿದ್ದರೂ ಪ್ರಯೋಜನವಿಲ್ಲ. ಸಂಜೆ ಕತ್ತಲಾಗುವ ಮೊದಲು ಹಿಂದಿರುಗಬೇಕು. ಗುಂಡುಗಳ ನಡುವಣ ಗವಿಗಳು ಕರಡಿ ಚಿರತೆಗಳ ಮನೆ. 1994ರಲ್ಲಿ ದರೋಜಿಯ ಬಳಿ ಕರಡಿಧಾಮ ಸ್ಥಾಪನೆಯಾದದ್ದು ಈ ಗುಡ್ಡಗಳಲ್ಲಿ ಕರಡಿಗಳಿರುವುದರಿಂದಲೇ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಆ ಬಂಡೆಯನ್ನು ಆ ವರ್ಷಕ್ಕೆ ಬಿಟ್ಟುಬಿಡಬೇಕು.

ಮೂರನೆಯದು ಮರ್ಯಾದೆ. ಹಂಪಿಯ ಸ್ಮಾರಕಗಳು 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಗುಡಿ, ಮಂಟಪ, ಕೋಟೆಗೋಡೆ, ಶಾಸನ ಚಿತ್ತಾರಗಳಿರುವ ಬಂಡೆ ಇವುಗಳ ಮೇಲೆ ಕಾಲಿಡತಕ್ಕದ್ದಲ್ಲ. ಹೊಲದಲ್ಲಿರುವ ಬಂಡೆಯಾದರೆ ಹೊಲದ ಯಜಮಾನರನ್ನು ಕೇಳಿಯೇ ಹೋಗಬೇಕು.

ಹಣವನ್ನು ಹಂಚುವ ಕ್ರಮ

ಇಷ್ಟು ವಿಚಾರ ಮಾಡಿದ ಮೇಲೆ ಒಂದು ಸೂತ್ರ ನಮ್ಮ ಕೈಗೆ ಬರುತ್ತದೆ. ಸಲಕರಣೆಗಳಲ್ಲಿ ಏರಿಸುವವು ಕೆಲವು, ಬಿದ್ದಾಗ ಕಾಯುವವು ಕೆಲವು. ಪಾದರಕ್ಷೆ, ಪುಡಿ, ಉಡುಪು ಇವು ಏರಿಸುವವು. ಇವುಗಳಲ್ಲಿ ಎರವಲು, ಹಳೆಯದು, ಮನೆಯಲ್ಲಿ ಹೊಲಿದುದು, ಮುಂದಿನ ವರ್ಷ ನೋಡೋಣ ಎಂಬುದು ಎಲ್ಲವೂ ನಡೆಯುತ್ತದೆ. ಗಾದಿ, ಹಗ್ಗ, ಶಿರಸ್ತ್ರಾಣ ಇವು ಕಾಯುವವು. ಇವುಗಳಲ್ಲಿ ಕೊರತೆಯಿದ್ದರೆ ಹಣವನ್ನಲ್ಲ, ಏರುವ ಎತ್ತರವನ್ನು ಕಡಿಮೆ ಮಾಡಬೇಕು. ಬಹುಮಂದಿ ಇದಕ್ಕೆ ವ್ಯತಿರಿಕ್ತವಾಗಿ ನಡೆಯುತ್ತಾರೆ. ಕಾಲಿಗೆ ಹೊಳೆಯುವ ಪಾದರಕ್ಷೆ ಬಂದಿರುತ್ತದೆ, ಕೆಳಗೆ ಬರಿಯ ಕಲ್ಲು ಇರುತ್ತದೆ.

ಗಾದಿಗನೂರಿನ ಐವರು ತಮ್ಮ ಪಾಲಿನ ಹಣವನ್ನು ಕೂಡಿಸಿ, ಸ್ಪಂಜು ತಂದು, ತಾಡಪಾಲಿನ ಚೀಲ ಹೊಲಿಸಿ ಒಂದು ಗಾದಿ ಮಾಡಿದರು. ನಾವೂ ಅದರ ಮೇಲೆ ಹಿಮ್ಮಡಿಯೂರಿ ನಿಂತು ಪರೀಕ್ಷಿಸಿದೆವು, ನೆಲ ತಾಗಲಿಲ್ಲ. ಅವರಲ್ಲಿ ಯಾರಿಗೂ ಇನ್ನೂ ಏರುವವರ ಪಾದರಕ್ಷೆಯಿಲ್ಲ. ಕಾಲು ಉಳುಕಿದ್ದ ವಿದ್ಯಾರ್ಥಿ ಮೊನ್ನೆ ಎದೆಯೆತ್ತರದ ಬಂಡೆಯೊಂದರಿಂದ ಏಳು ಸಲ ಬಿದ್ದನಂತೆ. ಎಂಟನೆಯ ಸಲ ಏರಿದನೆಂದು ಸಂಗಡಿಗರು ಹೆಮ್ಮೆಯಿಂದ ಹೇಳಿದರು. ಏರಿದುದಕ್ಕಿಂತಲೂ, ಏಳು ಸಲ ಬಿದ್ದು ಮರುದಿನ ಬೆಳಗ್ಗೆ ತನ್ನ ಕಾಲಿನ ಮೇಲೆಯೇ ನಡೆದು ತರಗತಿಗೆ ಬಂದುದು ನಮಗೆ ಹೆಚ್ಚು ಸಂತೋಷ ಕೊಟ್ಟಿತು.